ಗಾಡಿ ನಿಂತ ಮೇಲೆ ತೊಟ್ಟಿಯ ಗತಿಯೇನು?

ಬೇಸಿಗೆ ರಜೆ ಮುಗಿದು ಮುಂಗಾರಿನ ಮೊದಲ ಹನಿ ಬೀಳುವ ಹೊತ್ತಿಗೆ ಪ್ರವಾಸಿಗರು ಘಟ್ಟ ಇಳಿದು ಹೋಗಿರುತ್ತಾರೆ. ಅವರು ಬಿಟ್ಟು ಹೋದ ಪ್ಲಾಸ್ಟಿಕ್ ನಮ್ಮ ಕಣ್ಣಿಗೆ ಬೀಳುತ್ತದೆ, ಹೆಕ್ಕಿ ತೆಗೆಯಲೂಬಹುದು. ಆದರೆ ಕಣ್ಣಿಗೆ ಬೀಳದ ಇನ್ನೊಂದು ಕಸವಿದೆ. ಅದು ಕ್ಯಾರವಾನ್‌ಗಳು, ಅಂದರೆ ಚಕ್ರದ ಮೇಲಿನ ಮನೆಗಳು, ತಮ್ಮ ಹೊಟ್ಟೆಯಲ್ಲಿ ಹೊತ್ತು ತಿರುಗುವ ಮಲಿನ ನೀರು.

ಅಮೆರಿಕ ಹಾಗೂ ಯುರೋಪಿನ ದೇಶಗಳಲ್ಲಿ ಇಂತಹ ವಾಹನಗಳು ಹಲವು ದಶಕಗಳಿಂದ ಬಳಕೆಯಲ್ಲಿವೆ. ಅವುಗಳ ತೊಟ್ಟಿಯನ್ನು ಬರಿದು ಮಾಡಲು ಅಲ್ಲಿನ ಶಿಬಿರತಾಣಗಳಲ್ಲಿ ಪ್ರತ್ಯೇಕ ವ್ಯವಸ್ಥೆಯೂ ಇದೆ. ನೆರೆಯ ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿತು. ನಮ್ಮ ರಾಜ್ಯದ ರಸ್ತೆಗಳಿಗೂ ಬಾಡಿಗೆಯ ಕ್ಯಾರವಾನ್‌ಗಳು ಬಂದಿವೆ. ಗಾಡಿ ಬಂದಷ್ಟು ಬೇಗ ಅದನ್ನು ನಿಭಾಯಿಸುವ ಶಿಸ್ತು ಬರುವುದಿಲ್ಲ ಎಂಬುದೇ ನಮ್ಮ ಆತಂಕ.

ದೊಡ್ಡ ಕ್ಯಾರವಾನಿನಲ್ಲಿ ಸಾಮಾನ್ಯವಾಗಿ ಎರಡು ಮಲಿನ ತೊಟ್ಟಿಗಳಿರುತ್ತವೆ. ಒಂದು ಶೌಚದ್ದು, ಇನ್ನೊಂದು ಸ್ನಾನ ಮತ್ತು ಪಾತ್ರೆ ತೊಳೆದ ನೀರಿನದು. ಒಂದೊಂದೂ ನೂರು ಲೀಟರಿಗೂ ಹೆಚ್ಚು ಹಿಡಿಯಬಲ್ಲದು. ಸಣ್ಣ ಗಾಡಿಗಳಲ್ಲಿ ಕಳಚಿ ಒಯ್ಯಬಹುದಾದ, ಇಪ್ಪತ್ತು ಲೀಟರ್ ಆಸುಪಾಸಿನ ಪೆಟ್ಟಿಗೆಯಿರುತ್ತದೆ. ಪ್ರಯಾಣದ ಭರದಲ್ಲಿ ಇವು ಹೇಗೋ ನಡೆಯುತ್ತವೆ. ತೊಂದರೆ ಶುರುವಾಗುವುದು ಗಾಡಿ ತಿಂಗಳುಗಟ್ಟಲೆ ನಿಂತಾಗ. ಅರೆಬರೆ ಖಾಲಿ ಮಾಡಿದ ತೊಟ್ಟಿಯಲ್ಲಿ ದ್ರವ ಹರಿದುಹೋಗಿ, ಘನಭಾಗ ತಳಕ್ಕೆ ಅಂಟಿ, ಒಣಗಿ ಗಟ್ಟಿಯಾಗುತ್ತದೆ. ಉಳಿದದ್ದು ಬಿಸಿಲಿನ ಕಾವಿಗೆ ಕೊಳೆತು ಮೀಥೇನ್, ಹೈಡ್ರೋಜನ್ ಸಲ್ಫೈಡ್‌ನಂತಹ ಅನಿಲಗಳನ್ನು ಬಿಡುತ್ತದೆ. ಮುಂದಿನ ಪ್ರವಾಸಕ್ಕೆ ಬಾಗಿಲು ತೆರೆದ ಒಡೆಯ ಆ ನಾತಕ್ಕೆ ಹೇಸಿ, ಸಿಕ್ಕ ಹಳ್ಳದಲ್ಲಿ ತೊಟ್ಟಿ ತೊಳೆಯಲು ಮುಂದಾದರೆ ಅಚ್ಚರಿಯೇನು?

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಗಾಡಿ ನಿಲ್ಲಿಸುವ ಮೊದಲು ತೊಟ್ಟಿಗಳನ್ನು ತಕ್ಕ ಜಾಗದಲ್ಲಿ ಪೂರ್ಣ ಬರಿದು ಮಾಡಬೇಕು. ಮೊದಲು ಶೌಚದ ತೊಟ್ಟಿ, ಆಮೇಲೆ ಸ್ನಾನದ ನೀರಿನದು. ಎರಡನೆಯದರ ನೀರೇ ಕೊಳವೆಯನ್ನು ತೊಳೆಯುತ್ತದೆ. ಬಳಿಕ ತಿಳಿನೀರು ಬರುವವರೆಗೆ ಒಳಗನ್ನು ಜಾಲಾಡಿಸಿ, ವಾಲ್ವ್ ಮುಚ್ಚಬೇಕು. ಹಿಮ ಬೀಳದ ನಮ್ಮ ಸೀಮೆಯಲ್ಲಿ ತಳ ನೆನೆಯುವಷ್ಟು ಶುದ್ಧ ನೀರನ್ನು ಬಿಟ್ಟರೆ ಅಳಿದುಳಿದ ಕೊಳೆ ಒಣಗಿ ಅಂಟುವುದಿಲ್ಲ. ನೀರು ಹೆಪ್ಪುಗಟ್ಟುವ ದೇಶಗಳಲ್ಲಿ ಮಾತ್ರ ಪೂರ್ತಿ ಬಸಿಯಬೇಕಾಗುತ್ತದೆ. ಬಚ್ಚಲು, ಸಿಂಕುಗಳ ಕೆಳಗಿನ ಬಾಗುಕೊಳವೆಯಲ್ಲಿ ನಿಂತ ನೀರೇ ತೊಟ್ಟಿಯ ಗಾಳಿ ಮೇಲೇರದಂತೆ ತಡೆಯುವ ಬೀಗ. ಅದು ಆರಿಹೋಗದಂತೆ ಆಗಾಗ ಒಂದು ಚೊಂಬು ನೀರು ಹೊಯ್ಯಬೇಕು. ಮೇಲಿನ ಗಾಳಿಕೊಳವೆಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿದರೆ ಸೊಳ್ಳೆಯೂ ನುಗ್ಗದು, ಕಣಜವೂ ಗೂಡು ಕಟ್ಟದು.

ವಾಸನೆ ಅಡಗಿಸಲು ಕೆಲವರು ಫಾರ್ಮಾಲ್ಡಿಹೈಡ್ ಬೆರೆತ ರಾಸಾಯನಿಕ ಸುರಿಯುತ್ತಾರೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಇದು ಸೆಪ್ಟಿಕ್ ಟ್ಯಾಂಕಿನಲ್ಲಿ ಮಲವನ್ನು ಕರಗಿಸುವ ಸೂಕ್ಷ್ಮಜೀವಿಗಳನ್ನೇ ಕೊಲ್ಲುತ್ತದೆ. ಅಂತಹ ತೊಟ್ಟಿಯನ್ನು ಒಂದು ಸಣ್ಣ ಹೋಂಸ್ಟೇಯ ಗುಂಡಿಗೆ ಬರಿದು ಮಾಡಿದರೆ ಗುಂಡಿಯೇ ಕೆಡುತ್ತದೆ.

ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬ ಗಾದೆ ನಮ್ಮಲ್ಲಿದೆ. ಊರಿಗೆ ಬಂದ ಮಲವೂ ಕೊನೆಗೆ ನೀರಿಗೇ ಬರುತ್ತದೆ. ಮಲೆನಾಡಿನ ಎಷ್ಟೋ ಮನೆಗಳು ಇಂದಿಗೂ ಗುಡ್ಡದ ಮೇಲಿನಿಂದ ತಾನಾಗಿ ಇಳಿದು ಬರುವ ಅಬ್ಬಿ ನೀರನ್ನೇ ಕುಡಿಯುತ್ತವೆ. ನೋಟ ಚೆನ್ನಾಗಿದೆಯೆಂದು ಗಾಡಿ ನಿಲ್ಲಿಸುವ ಜಾಗವೂ ಆ ಗುಡ್ಡದ ನೆತ್ತಿಯೇ. ಮಳೆಗಾಲದಲ್ಲಿ ನೆಲ ನೀರುಂಡು ತುಂಬಿದಾಗ ಮೇಲೆ ಚೆಲ್ಲಿದ್ದು ಇಂಗದೆ ಕೆಳಗಿನ ಬಾವಿ, ಹಳ್ಳ, ಗದ್ದೆಗಳಿಗೆ ಇಳಿಯುತ್ತದೆ. ವಿಷಮಶೀತ ಜ್ವರ, ಕಾಮಾಲೆ, ವಾಂತಿಭೇದಿಗಳು ಹರಡುವ ದಾರಿ ಇದೇ. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಬೆಟ್ಟಗಳಲ್ಲಿ ಇದು ಒಂದು ಊರಿನ ಪ್ರಶ್ನೆಯಾಗಿಯೂ ಉಳಿಯುವುದಿಲ್ಲ. ತೊರೆಗೆ ಮಾಲಿನ್ಯ ಬಿಡುವುದನ್ನು 1974ರ ಜಲಮಾಲಿನ್ಯ ಕಾಯಿದೆ ನಿಷೇಧಿಸಿದೆ; ಆದರೆ ರಾತ್ರಿ ಹೊತ್ತು ತಿರುವಿನಲ್ಲಿ ನಿಂತು ವಾಲ್ವ್ ಎಳೆಯುವವನನ್ನು ಹಿಡಿಯುವವರು ಯಾರು?

ಇನ್ನೊಂದು ಮಾತನ್ನು ಹೇಳದಿದ್ದರೆ ತಪ್ಪಾದೀತು. ಗಟ್ಟಿಯಾದ ತೊಟ್ಟಿಯನ್ನು ಕೆರೆದು ತೊಳೆಯುವ ಕೆಲಸ ಸಾಮಾನ್ಯವಾಗಿ ಗಾಡಿಯ ಒಡೆಯನದಾಗಿರುವುದಿಲ್ಲ. ಅದು ಯಾರ ಹೆಗಲಿಗೆ ಬೀಳುತ್ತದೆಂಬುದು ಈ ದೇಶದ ಜಾತಿವ್ಯವಸ್ಥೆಯನ್ನು ಬಲ್ಲವರಿಗೆಲ್ಲ ತಿಳಿದೇ ಇದೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯಿದೆ, ಸುರಕ್ಷತಾ ಸಾಧನಗಳಿಲ್ಲದೆ ಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕುಗಳನ್ನು ಮನುಷ್ಯರಿಂದ ಶುಚಿಮಾಡಿಸುವುದನ್ನೂ ಅಪರಾಧವೆಂದಿದೆ. ಗಾಡಿಯ ತೊಟ್ಟಿಯ ವಿಷಯದಲ್ಲಿಯೂ ನಮ್ಮ ನಿಲುವು ಅದೇ ಆಗಿರಬೇಕು: ತುಂಬಿಸಿದವರೇ ಬರಿದು ಮಾಡಲಿ.

ಹಾಗಾದರೆ ಬರಿದು ಮಾಡುವುದೆಲ್ಲಿ? ದೇವನಹಳ್ಳಿಯಲ್ಲಿ 2015ರಲ್ಲಿ ಆರಂಭವಾದ ಮಲ ಸಂಸ್ಕರಣ ಘಟಕವು ಊರಿನ ಗುಂಡಿಗಳಿಂದ ತಂದ ಮಲವನ್ನು ಸಂಸ್ಕರಿಸಿ, ಒಣಗಿಸಿ ಗೊಬ್ಬರಕ್ಕೆ ಒದಗಿಸಬಹುದೆಂದು ತೋರಿಸಿಕೊಟ್ಟಿತು. ಪ್ರವಾಸಿಗರನ್ನು ಕರೆಯುವ ಪ್ರತಿ ಗುಡ್ಡಗಾಡು ತಾಲ್ಲೂಕಿಗೂ ಅಂತಹದೊಂದು ಬೇಕು. ಅದು ಬರುವವರೆಗೆ, ತೊಟ್ಟಿ ಬರಿದು ಮಾಡುವ ಏರ್ಪಾಡಿಲ್ಲದ ಕಡೆ ಕ್ಯಾರವಾನ್ ತಂಗಲು ಅನುಮತಿ ಕೊಡಬಾರದೆಂದು ಗ್ರಾಮಸಭೆಗಳು ನಿರ್ಣಯ ಮಾಡಲಿ. ಕಾಲೇಜಿನ ಗೆಳೆಯರು ತಮ್ಮೂರಿನ ಅಬ್ಬಿ, ಬಾವಿ, ಹಳ್ಳಗಳ ನೀರನ್ನು ಮಳೆಗೆ ಮೊದಲು ಮತ್ತು ಮಳೆಯ ನಂತರ ಪರೀಕ್ಷೆ ಮಾಡಿಸಿ ದಾಖಲೆ ಇಡಲಿ. ದಾಖಲೆಯಿದ್ದರೆ ಗ್ರಾಮಸಭೆಯ ಮಾತಿಗೆ ತೂಕ ಬರುತ್ತದೆ.

ಹಾಗೆಯೇ ನಮ್ಮ ಹಿತ್ತಿಲಿನ ಗುಂಡಿಯನ್ನೂ ಒಮ್ಮೆ ನೋಡಿಕೊಳ್ಳೋಣ. ಬಾವಿಯ ಮೇಲ್ಬದಿಯಲ್ಲಿ ಇಂಗುಗುಂಡಿ ತೋಡಿಕೊಂಡು ಪ್ರವಾಸಿಗನತ್ತ ಬೆರಳು ತೋರುವ ಹಕ್ಕು ನಮಗಿಲ್ಲ. ಗಾಡಿಯ ಒಡೆಯನಿಗೂ ಮನೆಯ ಒಡೆಯನಿಗೂ ನಮ್ಮ ವಿನಂತಿ ಒಂದೇ: ಕೆಳಗೆ ಯಾರೋ ಆ ನೀರನ್ನು ಕುಡಿಯುತ್ತಿದ್ದಾರೆ, ಅದು ನೆನಪಿರಲಿ.

– ಸಂಪಾದಕ ಮಂಡಳಿ