ವೀಣೆ ಕೆಟ್ಟಿಲ್ಲ ಕಣ್ರೀ, ಪಿಕಪ್ ಕೂರಿಸಿದ್ದು ಸರಿಯಿಲ್ಲ

"ಪಿಕಪ್ ಹಾಕಿದ್ಮೇಲೆ ಅದು ವೀಣೆನೇ ಅಲ್ಲ, ತಗಡು ಬಡಿದ ಹಾಗಿರತ್ತೆ" ಅಂತ ನಮ್ಮ ಹೆಂಗಸರೇ ಮೂಗು ಮುರೀತಾರೆ. ನಾನಂತೂ ಒಪ್ಪಲ್ಲ. ದಸರಾ ಗೊಂಬೆ ಮುಂದೆ ನಾಲ್ಕು ಜನಕ್ಕೆ ನುಡಿಸೋಕೆ ಪಿಕಪ್ ಬೇಡ, ಸರಿ. ಗಣಪತಿ ಪೆಂಡಾಲಲ್ಲಿ ಮೃದಂಗದ ಪಕ್ಕ ಕೂತ ಹುಡುಗಿ ಏನು ಮಾಡ್ಬೇಕು? ಯಾರಿಗೂ ಕೇಳಿಸದೆ ಬೆರಳು ಸವೆಸ್ಬೇಕಾ?

ನಮ್ಮ ಮೈಸೂರು ಚೌಡಯ್ಯನವರು, ಮೈಕಿಲ್ಲದ ಕಾಲದಲ್ಲಿ ಕೊನೇ ಸಾಲಿಗೂ ಕೇಳ್ಲಿ ಅಂತಲೇ ಪಿಟೀಲಿನ 4 ತಂತೀನ 7 ಮಾಡಿದ್ರು. ಅವರು ಸಂಪ್ರದಾಯ ಕೆಡಿಸಿದ್ರು ಅಂತೀವಾ? ಹೆಮ್ಮೆ ಪಡ್ತೀವಿ.

ತಪ್ಪು ಪಿಕಪ್ಪಿಂದಲ್ಲ, ಆರಿಸಿ ಕೂರಿಸೋ ರೀತೀದು. ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಅಂದ್ರೆ ಅಯಸ್ಕಾಂತಕ್ಕೆ ಕೂದಲೆಳೆಯಂಥ ತಾಮ್ರದ ತಂತಿ ಸುತ್ತಿರೋದು. ಅದಕ್ಕೆ ಉಕ್ಕಿನ ತಂತಿ ಅದುರಿದ್ರೆ ಮಾತ್ರ ಗೊತ್ತಾಗತ್ತೆ. ಅಂಥದ್ದನ್ನ ವೀಣೆಗೆ ಹಾಕಿದ್ರೆ ಸಾರಣಿ ಕೂಗತ್ತೆ, ಹಿತ್ತಾಳೆಯ ಮಂದ್ರ ಮೂಕವಾಗತ್ತೆ. ಹಿತ್ತಾಳೆ ತಂತಿ ಇರೋ ವೀಣೆಗೆ ಮರದ ಅದುರು ಹಿಡಿಯೋ ಕಾಂಟ್ಯಾಕ್ಟ್ ಮೈಕೇ ಬೇಕು. ಕುದುರೆ ಹತ್ರ ಅಂಟಿಸಿ, ಚೂರುಚೂರೇ ಸರಿಸಿ, ಕೇಳಿ ನೋಡ್ಬೇಕು.

ಗಿಟಾರ್ ಕಲಿಯೋ ಮಕ್ಕಳ ಮನೇಲೂ ಇದೇ ಕಥೆ. ದನಿ ಸೊರಗಿದ ತಕ್ಷಣ "ಹೊಸ ಪಿಕಪ್ ಹಾಕ್ಸಿ" ಅಂತಾರೆ. ಮೊದ್ಲು ಅದರ ಎರಡೂ ಬದಿಯ ಸ್ಕ್ರೂ ತಿರುಗಿಸಿ ಎತ್ತರ ಸರಿಮಾಡಿ. ತಂತಿಗೆ ತೀರಾ ಹತ್ರ ಬಂದ್ರೆ ಅಯಸ್ಕಾಂತ ಎಳೆದು ಶ್ರುತಿ ಅಲ್ಲಾಡತ್ತೆ, ದೂರ ಹೋದ್ರೆ ದನಿ ಕುಗ್ಗತ್ತೆ.

ಸಾರಿಗೆ ಉಪ್ಪು ಹೆಚ್ಚಾಯ್ತು ಅಂತ ಪಾತ್ರೆ ಬದಲಾಯಿಸ್ತೀವಾ? ದುಡ್ಡು ಬಿಚ್ಚೋ ಮುಂಚೆ ಸ್ಕ್ರೂಡ್ರೈವರ್ ತೆಗೀರಿ. ಅದನ್ನ ಅಣ್ಣನ ಕೈಗಲ್ಲ, ನುಡಿಸೋ ಹುಡುಗಿ ಕೈಗೇ ಕೊಡಿ.