ಕ್ಯಾಲ್ಸಿಯಂ ಮಾತ್ರೆ: ಎಷ್ಟು, ಯಾವಾಗ, ಯಾವುದರ ಜೊತೆ?

ನಮ್ಮ ಕೈವಾರದ ಎಷ್ಟೋ ಮನೆಗಳ ಗೋಡೆಗೂಡಿನಲ್ಲಿ ಕ್ಯಾಲ್ಸಿಯಂ ಮಾತ್ರೆಯ ಸ್ಟ್ರಿಪ್ ಒಂದು ಇದ್ದೇ ಇರುತ್ತದೆ. ಬಸುರಿ ಸೊಸೆಗೆ ಆಶಾ ಕಾರ್ಯಕರ್ತೆ ತಂದುಕೊಟ್ಟದ್ದು ಒಂದು, ಮಂಡಿನೋವಿಗೆಂದು ಅತ್ತೆ ಅಂಗಡಿಯಿಂದ ತರಿಸಿಕೊಂಡದ್ದು ಇನ್ನೊಂದು. ಕೆಲವು ಮನೆಗಳಲ್ಲಿ ಒಂದೇ ಸ್ಟ್ರಿಪ್ ಇಬ್ಬರಿಗೂ ಆಗುತ್ತದೆ. ಬೇರೆ ಮಾತ್ರೆಯಾದರೆ ನುಂಗುವ ಮೊದಲು ಯಾರನ್ನಾದರೂ ಕೇಳುತ್ತೇವೆ. ಕ್ಯಾಲ್ಸಿಯಂ ವಿಷಯದಲ್ಲಿ ಮಾತ್ರ, “ಅದು ಶಕ್ತಿಯ ಮಾತ್ರೆ, ತಿಂದರೆ ಏನೂ ಆಗೊಲ್ಲ” ಎಂಬ ಧೈರ್ಯ. ಈ ಧೈರ್ಯ ಎಷ್ಟು ಸರಿ?

ಓದುಗ ಸಹೋದರಿಯರೇ, ಕ್ಯಾಲ್ಸಿಯಂ ಒಳ್ಳೆಯದೇ. ಮೂಳೆಗೆ, ಹಲ್ಲಿಗೆ, ಸ್ನಾಯುಗಳಿಗೆ, ಹೃದಯದ ಬಡಿತಕ್ಕೆ ಅದು ಬೇಕೇ ಬೇಕು. ಆದರೆ ಮಾತ್ರೆಯ ರೂಪಕ್ಕೆ ಬಂದ ಮೇಲೆ ಅದು ಔಷಧ. ಔಷಧಕ್ಕೆ ಅಳತೆ ಇದೆ, ಹೊತ್ತು ಇದೆ, ಜೊತೆಗೆ ಸೇರಬಾರದ ವಸ್ತುಗಳೂ ಇವೆ. ಈ ಮೂರನ್ನು ತಿಳಿಯದೆ ನುಂಗಿದರೆ ಒಳ್ಳೆಯದೇ ಕೆಟ್ಟದ್ದಾಗಬಹುದು.

ಮೊದಲು ಗರ್ಭಿಣಿಯರ ಮಾತು. ಕೇಂದ್ರ ಸರಕಾರ 2014ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಗರ್ಭ ಧರಿಸಿದ 14ನೇ ವಾರದಿಂದ ಹೆರಿಗೆಯ ನಂತರ 6 ತಿಂಗಳ ತನಕ ದಿನಕ್ಕೆ ಎರಡು ಕ್ಯಾಲ್ಸಿಯಂ ಮಾತ್ರೆ ಕೊಡಬೇಕು. ಒಂದೊಂದು ಮಾತ್ರೆಯಲ್ಲಿ 500 ಮಿಲಿಗ್ರಾಂ ಕ್ಯಾಲ್ಸಿಯಂ, 250 ಯೂನಿಟ್ ವಿಟಮಿನ್ ಡಿ-3 ಇರುತ್ತದೆ. ಇದು ಬರೀ ಮಗುವಿನ ಮೂಳೆಗಾಗಿ ಅಲ್ಲ. ಆಹಾರದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಗರ್ಭಿಣಿಯರಿಗೆ ಬಿ.ಪಿ. ಏರಿ, ಕೆಲವೊಮ್ಮೆ ಫಿಟ್ಸ್ ತನಕ ಹೋಗುವ ಅಪಾಯವನ್ನು ಈ ಮಾತ್ರೆ ತಗ್ಗಿಸುತ್ತದೆ. ಆದ್ದರಿಂದ ಆಶಾ ಕೊಟ್ಟ ಮಾತ್ರೆಯನ್ನು ಗೂಡಿನಲ್ಲೇ ಬಿಟ್ಟುಬಿಡುವುದು ತಪ್ಪು.

ಆದರೆ ಅದೇ ಆಶಾ ಇನ್ನೊಂದು ಮಾತ್ರೆಯನ್ನೂ ಕೊಟ್ಟಿರುತ್ತಾಳೆ, ರಕ್ತ ಹೆಚ್ಚಲೆಂದು ಕೊಡುವ ಕೆಂಪು ಬಣ್ಣದ ಕಬ್ಬಿಣಾಂಶದ ಮಾತ್ರೆ. ನಮ್ಮ ಹೆಣ್ಣುಮಕ್ಕಳು ಎಡವುವುದು ಇಲ್ಲೇ. ಕೆಲಸದ ಗಡಿಬಿಡಿಯಲ್ಲಿ ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿ, ಮೇಲೆ ಒಂದು ಲೋಟ ಹಾಲೋ ಚಹಾವೋ ಕುಡಿದುಬಿಡುತ್ತಾರೆ. ಕ್ಯಾಲ್ಸಿಯಂ ಇದ್ದ ಕಡೆ ಕಬ್ಬಿಣ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಚಹಾ, ಕಾಫಿ ಕೂಡ ಕಬ್ಬಿಣಕ್ಕೆ ಅಡ್ಡಿ. ಮಾತ್ರೆ ತಪ್ಪದೆ ನುಂಗಿದರೂ ಮುಂದಿನ ತಿಂಗಳ ತಪಾಸಣೆಯಲ್ಲಿ “ರಕ್ತ ಕಡಿಮೆ” ಎಂದರೆ, ಕೇಳಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದು: ಎರಡು ಮಾತ್ರೆಗಳ ನಡುವೆ ಅಂತರ ಇತ್ತೇ? ರಕ್ತಹೀನತೆಯಿಂದ ಹೆರಿಗೆಯ ಹೊತ್ತಿನಲ್ಲಿ ತಾಯಿಯ ಜೀವಕ್ಕೇ ಕುತ್ತು ಬರಬಹುದು. ಸಣ್ಣ ಅಜಾಗರೂಕತೆಗೆ ಅಷ್ಟು ದೊಡ್ಡ ಬೆಲೆ ತೆರಬೇಕೇ?

ಶಾಲೆಗೆ ವೇಳಾಪಟ್ಟಿ ಇರುವಂತೆ ಮಾತ್ರೆಗೂ ಒಂದು ವೇಳಾಪಟ್ಟಿ ಇರಲಿ. ಬೆಳಗಿನ ತಿಂಡಿಯ ಬಳಿಕ ಒಂದು ಕ್ಯಾಲ್ಸಿಯಂ, ಮಧ್ಯಾಹ್ನದ ಊಟದ ಬಳಿಕ ಇನ್ನೊಂದು. ರಾತ್ರಿ ಊಟವಾಗಿ ಎರಡು ಗಂಟೆ ಕಳೆದು, ಮಲಗುವ ಮುನ್ನ, ಕಬ್ಬಿಣದ ಮಾತ್ರೆ, ಬರೀ ನೀರಿನೊಂದಿಗೆ. ಎರಡರ ನಡುವೆ ಕನಿಷ್ಠ ಎರಡು ಗಂಟೆಯ ಅಂತರ ಇರಬೇಕೆಂಬುದು ನೆನಪಿರಲಿ. ಎರಡು ಕ್ಯಾಲ್ಸಿಯಂ ಮಾತ್ರೆಗಳನ್ನು ಒಂದೇ ಸಲಕ್ಕೆ ನುಂಗಬೇಡಿ. ಒಮ್ಮೆಗೆ 500 ಮಿಲಿಗ್ರಾಂಗಿಂತ ಹೆಚ್ಚಾದರೆ ದೇಹ ಅದನ್ನು ಚೆನ್ನಾಗಿ ಹೀರಿಕೊಳ್ಳುವುದಿಲ್ಲ.

ರಮಝಾನಿನಲ್ಲಿ ಏನು ಮಾಡುವುದೆಂದು ಹಲವರು ಕೇಳುತ್ತಾರೆ. ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ಉಪವಾಸದಲ್ಲಿ ಶರೀಅತ್ ರಿಯಾಯಿತಿ ನೀಡಿದೆ. ವೈದ್ಯರ ಸಲಹೆ ಪಡೆದು ಉಪವಾಸ ಹಿಡಿಯುವವರು ಇಫ್ತಾರಿನ ಊಟದ ಜೊತೆ ಒಂದು ಕ್ಯಾಲ್ಸಿಯಂ, ಸಹರಿಯ ಊಟದ ಜೊತೆ ಇನ್ನೊಂದು, ತರಾವೀಹ್ ಮುಗಿದು ಮಲಗುವ ಮುನ್ನ ಕಬ್ಬಿಣದ ಮಾತ್ರೆ ಎಂದು ಹಂಚಿಕೊಳ್ಳಬಹುದು.

ಇನ್ನು ಅಂಗಡಿಯಿಂದ ತರಿಸಿಕೊಳ್ಳುವ ಅತ್ತೆಯ ಮಾತು. ಸ್ಟ್ರಿಪ್ಪಿನ ಹಿಂಬದಿ ಓದಿ ನೋಡಿ. ‘ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿಲಿಗ್ರಾಂ’ ಎಂದಿದ್ದರೆ ಅದರಲ್ಲಿ ನಿಜವಾಗಿ ಸಿಗುವ ಕ್ಯಾಲ್ಸಿಯಂ 500 ಮಿಲಿಗ್ರಾಂ ಮಾತ್ರ. ಈ ಬಗೆ ಕರಗಲು ಹೊಟ್ಟೆಯಲ್ಲಿ ಆಮ್ಲ ಬೇಕು. ಆದ್ದರಿಂದ ಊಟದ ಜೊತೆಗೇ ತಿನ್ನಬೇಕು, ಖಾಲಿ ಹೊಟ್ಟೆಗೆ ಬೇಡ. ಗ್ಯಾಸ್ಟ್ರಿಕ್‌ಗೆಂದು ಆಮ್ಲ ತಗ್ಗಿಸುವ ಮಾತ್ರೆಯನ್ನು ದಿನವೂ ತಿನ್ನುವವರಿಗೆ ಕಾರ್ಬೊನೇಟ್ ಅಷ್ಟಾಗಿ ಹಿಡಿಯುವುದಿಲ್ಲ. ಅಂಥವರು ‘ಸಿಟ್ರೇಟ್’ ಬಗೆಯನ್ನು ಬರೆದುಕೊಡುವಂತೆ ವೈದ್ಯರನ್ನು ಕೇಳಬಹುದು. ಅದನ್ನು ಊಟವಿಲ್ಲದೆಯೂ ತೆಗೆದುಕೊಳ್ಳಬಹುದು.

ಥೈರಾಯ್ಡ್ ಮಾತ್ರೆ ತಿನ್ನುವವರು ಇನ್ನೂ ಎಚ್ಚರ ವಹಿಸಬೇಕು. ಅದಕ್ಕೂ ಕ್ಯಾಲ್ಸಿಯಂಗೂ ನಡುವೆ ನಾಲ್ಕು ಗಂಟೆ ಇರಲಿ. ಇಲ್ಲವಾದರೆ ಥೈರಾಯ್ಡ್ ಮಾತ್ರೆ ವ್ಯರ್ಥವಾಗುತ್ತದೆ. ಕೆಲವು ಆ್ಯಂಟಿಬಯಾಟಿಕ್‌ಗಳಿಗೂ ಇದೇ ತೊಂದರೆ. ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ, ಹೃದಯದ ಮಾತ್ರೆ ನುಂಗುವವರು, ಕಿಡ್ನಿಯ ತೊಂದರೆ ಇರುವವರು, ಹಿಂದೆ ಕಿಡ್ನಿಯಲ್ಲಿ ಕಲ್ಲಾಗಿದ್ದವರು ವೈದ್ಯರನ್ನು ಕೇಳದೆ ಕ್ಯಾಲ್ಸಿಯಂ ಮುಟ್ಟಲೇಬಾರದು.

ಹೆಚ್ಚು ತಿಂದರೆ ಹೆಚ್ಚು ಲಾಭವೇ? ಅಮೆರಿಕದಲ್ಲಿ ಮುಟ್ಟು ನಿಂತ 36 ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಸುಮಾರು ಏಳು ವರ್ಷ ಗಮನಿಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮಾತ್ರೆ ಪಡೆದ ಗುಂಪಿನಲ್ಲಿ ಸೊಂಟದ ಮೂಳೆ ಮುರಿತ ಗಣನೀಯವಾಗಿ ಇಳಿಯಲಿಲ್ಲ. ಕಿಡ್ನಿ ಕಲ್ಲು ಮಾತ್ರ ಶೇ. 17ರಷ್ಟು ಹೆಚ್ಚಾಯಿತು. ನಮ್ಮ ಬೆಂಗಳೂರಿನಲ್ಲೇ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು 11 ಸಾವಿರ ಗರ್ಭಿಣಿಯರ ನಡುವೆ ನಡೆಸಿದ ಪರೀಕ್ಷೆಯ ಫಲ 2024ರಲ್ಲಿ ಹೊರಬಂತು. ದಿನಕ್ಕೆ 500 ಮಿಲಿಗ್ರಾಂ ಪಡೆದವರಿಗೂ 1500 ಮಿಲಿಗ್ರಾಂ ಪಡೆದವರಿಗೂ ಬಿ.ಪಿ.ಯ ಆ ಕಾಯಿಲೆಯಿಂದ ಸಿಕ್ಕ ರಕ್ಷಣೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಹಾಗೆಂದು ನೀವಾಗಿಯೇ ಮಾತ್ರೆ ಕಡಿಮೆ ಮಾಡಬೇಡಿ. ಆದರೆ ನೀವಾಗಿಯೇ ಹೆಚ್ಚು ಮಾಡುವುದರಲ್ಲೂ ಲಾಭವಿಲ್ಲ.

ಇನ್ನೊಂದು ದೊಡ್ಡ ಅಪಾಯ ವಿಟಮಿನ್ ಡಿ ಪುಡಿಯ ಪೊಟ್ಟಣದ್ದು. 60,000 ಯೂನಿಟ್‌ನ ಪೊಟ್ಟಣವನ್ನು ವೈದ್ಯರು ಸಾಮಾನ್ಯವಾಗಿ ವಾರಕ್ಕೆ ಒಂದರಂತೆ, ಕೆಲವೇ ವಾರಗಳಿಗೆ ಬರೆಯುತ್ತಾರೆ. ಅದನ್ನು ದಿನವೂ ಕುಡಿದರೆ, ಇಲ್ಲವೇ ತಿಂಗಳುಗಟ್ಟಲೆ ಮುಂದುವರಿಸಿದರೆ, ರಕ್ತದಲ್ಲಿ ಕ್ಯಾಲ್ಸಿಯಂ ಮಿತಿಮೀರಿ ಏರುತ್ತದೆ. ವಾಕರಿಕೆ, ವಾಂತಿ, ಮಲಬದ್ಧತೆ, ತೀರದ ಬಾಯಾರಿಕೆ, ಪದೇ ಪದೇ ಮೂತ್ರ, ಮಂಕು ಕವಿಯುವುದು ಅದರ ಲಕ್ಷಣಗಳು. ಇವು ಕಂಡರೆ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಿ. ಚೀಟಿಯಲ್ಲಿ ‘ವಾರಕ್ಕೊಮ್ಮೆ’ ಎಂದಿದೆಯೋ ‘ದಿನಕ್ಕೊಮ್ಮೆ’ ಎಂದಿದೆಯೋ, ಓದು ಬಲ್ಲ ಮಕ್ಕಳಿಂದಲಾದರೂ ಓದಿಸಿ ತಿಳಿಯಿರಿ.

ಮೈಕೈ ನೋವೆಲ್ಲ ಕ್ಯಾಲ್ಸಿಯಂ ಕೊರತೆಯಿಂದಲೇ ಬರುವುದಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಹಲವೆಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಎಂಬುದು ನಮ್ಮ ದೇಶದ ನಿಯಮ. ವರ್ಷಗಟ್ಟಲೆ ಅಂಥ ನೀರು ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ದೊಡ್ಡವರ ಬೆನ್ನು, ಮಂಡಿ ಬಿಗಿಯುತ್ತವೆ. ಆ ನೋವಿಗೆ ಕ್ಯಾಲ್ಸಿಯಂ ಮಾತ್ರೆ ನುಂಗುತ್ತಾ ಅದೇ ನೀರು ಕುಡಿಯುತ್ತಿದ್ದರೆ ನೋವು ಹೋಗುವುದಾದರೂ ಹೇಗೆ? ಮೊದಲು ನೀರಿನ ಪರೀಕ್ಷೆಯಾಗಲಿ, ಶುದ್ಧೀಕರಿಸಿದ ನೀರು ಮನೆಗೆ ಬರಲಿ.

ಹಾಗಾದರೆ ಎಲ್ಲರಿಗೂ ಮಾತ್ರೆಯೇ ಬೇಕೇ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಂತೆ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ, ಹಾಲೂಡಿಸುವವರಿಗೆ ಮತ್ತು ಮುಟ್ಟು ನಿಂತವರಿಗೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಇದೆ. ಎರಡು ಲೋಟ, ಅಂದರೆ 400 ಮಿಲಿಲೀಟರ್ ಹಾಲಿನಲ್ಲಿ ಸುಮಾರು 470. ಇವೆರಡೇ 800 ದಾಟಿದವು. ಜೊತೆಗೆ ನುಗ್ಗೆ ಸೊಪ್ಪು, ದಂಟಿನ ಸೊಪ್ಪು, ಒಂದು ಚಮಚ ಎಳ್ಳು, ಒಂದು ಬಟ್ಟಲು ಮೊಸರು ಸೇರಿದರೆ ಬಹಳಷ್ಟು ಮಂದಿಗೆ ಸಾಕು. ರಾಗಿಯನ್ನು ಮೊಳಕೆ ಕಟ್ಟಿ ಮಾಲ್ಟ್ ಮಾಡಿದರೆ ಅದರ ಸತ್ವ ಇನ್ನೂ ಚೆನ್ನಾಗಿ ಹಿಡಿಯುತ್ತದೆ. ಆದರೆ ನಮ್ಮಲ್ಲಿ ನಡೆಯುವುದೇನು? ಮುಂಜಾನೆ ಕರೆದ ಹಾಲೆಲ್ಲ ಡೈರಿಗೆ ಹೋಗುತ್ತದೆ, ಮನೆಯ ಹೆಣ್ಣುಮಕ್ಕಳಿಗೆ ಉಳಿಯುವುದು ಚಹಾದ ಬಣ್ಣ ಬದಲಿಸುವಷ್ಟು. ಹಾಲು ಮಾರಿದ ದುಡ್ಡಿನಲ್ಲಿ ಮಾತ್ರೆ ಕೊಳ್ಳುತ್ತೇವೆ!

ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ ಬೇಕು. ಅದು ಬಿಸಿಲಿನಿಂದ ಸಿಗುತ್ತದೆ. ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಮನೆಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ದುಡಿಯುವವರಿಗೆ, ಮನೆಯೊಳಗೇ ದಿನ ಕಳೆಯುವ ನಮ್ಮ ತಾಯಿ-ತಂಗಿಯರಿಗೆ ಬಿಸಿಲು ಬೀಳುವುದೇ ಅಪರೂಪ. ಅಂಗಳದಲ್ಲೋ ತಾರಸಿಯ ಮರೆಯಲ್ಲೋ ಹತ್ತು ಗಂಟೆಯ ಬಳಿಕ ಸ್ವಲ್ಪ ಹೊತ್ತು ಮುಖ, ಕೈಕಾಲುಗಳಿಗೆ ಬಿಸಿಲು ತಾಗಲಿ. ಇದಕ್ಕೆ ಖರ್ಚೇನಿಲ್ಲ.

ಈ ಪುಟವನ್ನು ಮಡಚಿಡುವ ಮೊದಲು ಒಂದು ಕೆಲಸ ಮಾಡಿ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿ, ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಕೊಂಡೊಯ್ಯಿರಿ. “ಇವನ್ನೆಲ್ಲ ತಿನ್ನುತ್ತಿದ್ದೇವೆ, ಯಾವುದು ಯಾವ ಹೊತ್ತಿಗೆ?” ಎಂದು ಕೇಳಿ, ಹೇಳಿದ್ದನ್ನು ಬರೆಸಿಕೊಳ್ಳಿ. ಗಂಡಸರೇ, ಮಾತ್ರೆ ತಂದುಕೊಟ್ಟಲ್ಲಿಗೆ ನಿಮ್ಮ ಹೊಣೆ ಮುಗಿಯಲಿಲ್ಲ. ಅವಳು ಅದನ್ನು ಯಾವಾಗ, ಯಾವುದರ ಜೊತೆ ನುಂಗುತ್ತಿದ್ದಾಳೆ ಎಂದು ವಿಚಾರಿಸಿ. ಬೆಳಗಿನ ಹಾಲಿನಲ್ಲಿ ಅವಳ ಪಾಲಿನ ಎರಡು ಲೋಟ ತೆಗೆದಿಟ್ಟು ಉಳಿದದ್ದನ್ನು ಡೈರಿಗೆ ಕೊಂಡೊಯ್ಯಿರಿ.