ತೆರೆಯ ಮೇಲಿನ ಡಾಕ್ಟರಿಗೆ ಕನ್ನಡ ಬರುತ್ತದೆಯೇ?

ಮನೋರೋಗಿಗಳ ವಾರ್ಡಿನಲ್ಲಿ ತೆರೆಯ ಮೂಲಕ ಡಾಕ್ಟರು ಮಾತಾಡಿಸುವುದು ನಿನ್ನೆ ಮೊನ್ನೆಯ ಸಂಗತಿಯಲ್ಲ, ಗೆಳೆಯರೇ. ಅಮೆರಿಕದ ನೆಬ್ರಾಸ್ಕದಲ್ಲಿ 1964ರಲ್ಲೇ ಸೆಸಿಲ್ ವಿಟ್ಸನ್ ತಂಡ 112 ಮೈಲಿ ದೂರದ ನಾರ್ಫೋಕ್ ಸರ್ಕಾರಿ ಆಸ್ಪತ್ರೆಗೆ ಟೀವಿ ಸಂಪರ್ಕ ಕಲ್ಪಿಸಿತ್ತು. ನಮ್ಮಲ್ಲಿ ದೂರವೈದ್ಯಕೀಯದ ನಿಯಮಗಳು ಬಂದದ್ದು 2020ರ ಮಾರ್ಚಿನಲ್ಲಿ. 2022ರ ಅಕ್ಟೋಬರ್ 10ರಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಟೆಲಿ ಮಾನಸ್ ಶುರುವಾಯಿತು. 14416ಕ್ಕೆ ಯಾರು ಬೇಕಾದರೂ ಫೋನ್ ಮಾಡಬಹುದು. ಆದರೆ ಆ ಫೋನು ಸಾಲದು ಎಂಬ ಸ್ಥಿತಿಯಲ್ಲಿ ಆಸ್ಪತ್ರೆ ಸೇರಿ ಮಲಗಿರುವವನ ಗತಿಯೇನು? ಇಲ್ಲಿ ಅವನ ಮಾತು.

ತೆರೆ ಬೇಡ ಎನ್ನುವ ಮೂರ್ಖತನ ನಮಗಿಲ್ಲ. ವರ್ಷಗಟ್ಟಲೆ ಕುಡಿದವನು ಏಕಾಏಕಿ ಕುಡಿತ ಬಿಟ್ಟು ಮೂರನೇ ದಿನ ಗಡಗಡ ನಡುಗುತ್ತಾನೆ, ಗೋಡೆಯ ಮೇಲೆ ಇಲ್ಲದ ಹುಳು ಕಾಣುತ್ತಾನೆ. ಇದು ಪ್ರಾಣ ತೆಗೆಯಬಲ್ಲ ಸ್ಥಿತಿ. ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯ ಡಾಕ್ಟರಿಗೆ ಆಗ ಒಬ್ಬ ಮನೋವೈದ್ಯ ತೆರೆಯ ಮೇಲೆ ಸಿಕ್ಕರೂ ಜೀವ ಉಳಿದೀತು. ಕೈಕಾಲು ಸೆಟೆದಿದೆಯೇ, ಮೈ ಸುಡುತ್ತಿದೆಯೇ ಎಂದು ಕ್ಯಾಮೆರಾ ಮುಟ್ಟಿ ನೋಡಲಾರದು. ಅದಕ್ಕೆ ಪಕ್ಕದಲ್ಲಿ ನುರಿತ ನರ್ಸ್ ಇರಲೇಬೇಕು.

ಸರಿ, ಮುಂದೆ? ಎದೆರೋಗದವನಿಗೆ ಇ.ಸಿ.ಜಿ. ಇದೆ, ಮೂಳೆ ಮುರಿದವನಿಗೆ ಎಕ್ಸ್‌ರೇ ಇದೆ. ಮನೋವೈದ್ಯನ ಎಕ್ಸ್‌ರೇ ಎಂದರೆ ರೋಗಿಯ ಮಾತು. ಹಳ್ಳಿಯ ಹೆಣ್ಣುಮಗಳು 'ಜೀವಕ್ಕೆ ಬ್ಯಾಸರಾಗೈತ್ರಿ' ಎನ್ನುತ್ತಾಳೆ. ಅದು ಬರೀ ದಣಿವೋ, ಸಾಯುವ ಯೋಚನೆಯೋ? ದನಿ ಕೇಳಿದ ಕನ್ನಡಿಗ ಡಾಕ್ಟರು ಮರುಪ್ರಶ್ನೆ ಹಾಕುತ್ತಾನೆ. ಕನ್ನಡ ಬಾರದವನಿಗೆ ಅತ್ತೆಯೋ ಗಂಡನೋ ತರ್ಜುಮೆ ಮಾಡಬೇಕು. ಅವಳ ಕಷ್ಟಕ್ಕೆ ಕಾರಣವೇ ಆ ಅತ್ತೆ, ಆ ಗಂಡನಾಗಿದ್ದರೆ? ಅವಳು ಬಾಯಿ ಬಿಡುತ್ತಾಳೆಯೇ ಸ್ವಾಮಿ?

ಇನ್ನೊಂದು ಕೇಳಿ. ಕೆಲವು ರೋಗಗಳಲ್ಲಿ ಮಾತಿನ ಕೊಂಡಿಯೇ ಕಳಚುತ್ತದೆ. ಆ ಕಳಚುವಿಕೆಯೇ ರೋಗಲಕ್ಷಣ. ಪಾಪದ ವಾರ್ಡ್‌ಬಾಯ್ ಅದನ್ನು ಅರ್ಥವಾಗುವಂತೆ ನೇರ್ಪಡಿಸಿ ಹೇಳಿಬಿಡುತ್ತಾನೆ. ರೋಗ ತರ್ಜುಮೆಯಲ್ಲೇ ಮಾಯ! ರೋಗಿಯ ವಿಚಾರಶಕ್ತಿ ಅಳೆಯಲು ಮನೋವೈದ್ಯರು ಗಾದೆಯ ಅರ್ಥ ಕೇಳುವುದುಂಟು. 'ಬೆಳ್ಳಗಿರುವುದೆಲ್ಲ ಹಾಲಲ್ಲ' ಎಂದರೆ ನಮ್ಮ ರೈತ ಉತ್ತರಿಸಿಯಾನು. ಹಿಂದಿಯ ಗಾದೆ ಕೇಳಿ ಅವನು ಮಿಕಿಮಿಕಿ ನೋಡಿದರೆ ದೋಷ ಯಾರ ತಲೆಯದು?

'ಮನೋವೈದ್ಯರೇ ಸಿಗುವುದಿಲ್ಲ, ಅದರಲ್ಲಿ ಭಾಷೆ ಬೇರೆಯೇ?' ಎಂದು ಅಧಿಕಾರಿಗಳು ಮೂಗು ಮುರಿಯಬಹುದು. ಈ ನೆಪವನ್ನು ಕೊಂದದ್ದೇ ತೆರೆ. ಹಿಂದೆ ಜಿಲ್ಲೆಗೆ ಯಾರು ವರ್ಗವಾಗಿ ಬಂದರೋ ಅವರೇ ಗತಿ. 2020ರ ನಿಯಮದ ಪ್ರಕಾರ ನೋಂದಾಯಿತ ವೈದ್ಯರು ದೇಶದ ಯಾವ ಮೂಲೆಯ ರೋಗಿಯನ್ನಾದರೂ ತೆರೆಯ ಮೂಲಕ ನೋಡಬಹುದು. ಪುಣೆಯಲ್ಲಿರುವ ಕನ್ನಡದ ಡಾಕ್ಟರು ಯಾದಗಿರಿಯ ವಾರ್ಡಿಗೆ ಬರಲು ರೈಲು ಹತ್ತಬೇಕಿಲ್ಲ. (ಬಳ್ಳಾರಿಯ ತೆಲುಗು ಅಜ್ಜಿಗೆ ತೆಲುಗಿನ, ಕರಾವಳಿಯ ತುಳು ಅಮ್ಮನಿಗೆ ತುಳುವಿನ ವೈದ್ಯರು ಸಿಗಲಿ. ಇದೇ ನ್ಯಾಯ ಅವರಿಗೂ ಸಲ್ಲಬೇಕು.)

ಇದು ಯಾರೋ ಹಾಕುವ ಭಿಕ್ಷೆಯೂ ಅಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 22ನೇ ಕಲಂ ಓದಿ. ಯಾವ ಕಲಮಿನಡಿ ದಾಖಲಾದೆ, ಕಾಯಿಲೆಯೇನು, ಚಿಕಿತ್ಸೆಯೇನು ಎಂಬುದನ್ನು ತನಗೆ ತಿಳಿಯುವ ಭಾಷೆಯಲ್ಲಿ ಪಡೆಯುವುದು ರೋಗಿಯ ಹಕ್ಕು. ಇಂಗ್ಲಿಷ್ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರಿಗೆ ಈ ಕಲಂ ಕಾಣುವುದಿಲ್ಲವೇ?

ಹುಡುಗರೇ, ಕಾಲೇಜಿನವರೇ, ಐ.ಟಿ.ಯವರೇ, ಬೋರ್ಡಿಗಾಗಿ ಜಗಳಕ್ಕಿಳಿಯುವ ನಿಮಗೆ ಈ ಕೆಲಸ ಭಾರವಲ್ಲ. ಮಾಹಿತಿ ಹಕ್ಕಿನಡಿ ನಿಮ್ಮ ಜಿಲ್ಲಾಸ್ಪತ್ರೆಗೆ ಒಂದು ಅರ್ಜಿ ಹಾಕಿ. ಒಳರೋಗಿಗಳನ್ನು ತೆರೆಯ ಮೂಲಕ ನೋಡುವ ಮನೋವೈದ್ಯರೆಷ್ಟು, ಅವರಲ್ಲಿ ಕನ್ನಡ ಬಲ್ಲವರೆಷ್ಟು, ಮನೆಯವರನ್ನು ಹೊರಗಿಟ್ಟು ರೋಗಿಯೊಬ್ಬನೇ ಮಾತಾಡಲು ಕೋಣೆ ಇದೆಯೇ, ಒಪ್ಪಿಗೆ ಪತ್ರ ಯಾವ ಭಾಷೆಯಲ್ಲಿದೆ. ನಾಲ್ಕೇ ಪ್ರಶ್ನೆ. 30 ದಿನದೊಳಗೆ ಉತ್ತರ ಕೊಡಬೇಕು. ಬಂದ ಉತ್ತರವನ್ನು ನಮಗೂ ಕಳಿಸಿ, ಇಲ್ಲೇ ಅಚ್ಚು ಹಾಕೋಣ.